ಅಕ್ಕನ ಎದೆ ಮತ್ತು ನನ್ನ ರೇಡಿಯೇಟರ್ ಶಾಸ್ತ್ರ

ಎದೆನೋವು ಬೇರೆ ಬೇನೆಗಳ ಹಾಗಲ್ಲ. ಹಲ್ಲು ನೋಯುತ್ತದೆ ಎಂದು ಹೇಳಿ ನೋಡಿ, ‘ಕೀಳಿಸಿ ಒಗೀರಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಜನ ತಮ್ಮ ದಾರಿ ಹಿಡಿಯುತ್ತಾರೆ. ಕೈ ಮುರಿದರೆ ಪಟ್ಟಿ ಕಟ್ಟುವವರು ಯಾವ ಊರಲ್ಲಿದ್ದಾರೆಂದು ತಿಳಿಸಿ ಸುಮ್ಮನಾಗುತ್ತಾರೆ. ಆದರೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಯಾಕೋ ಎದಿ ಹಿಡದಂಗ ಆಗೇತಿ’ ಎಂದು ಒಂದು ಸಲ ಅನ್ನಿ. ರಾಣೆಬೆನ್ನೂರಿನ ಬಸ್ಸು ಬರುವುದರೊಳಗೆ ಬೆಳ್ಳುಳ್ಳಿ, ಮತ್ತಿ ಮರದ ಚಕ್ಕೆ, ತಾಮ್ರದ ಕಡಗ, ಅಯಸ್ಕಾಂತ ಅದ್ದಿದ ನೀರು ಎಲ್ಲವೂ ನಿಮ್ಮ ಉಡಿಗೆ ಬಿದ್ದಿರುತ್ತವೆ. ಯಾರೋ ಒಬ್ಬ ಸಭ್ಯಸ್ಥರು ನಿಮ್ಮನ್ನು ಕಂಬದ ಮರೆಗೆ ಕರೆದು, ಬೆಳಿಗ್ಗೆ ಎದ್ದ ಕೂಡಲೇ ಏನು ಕುಡಿಯಬೇಕೆಂದು ಕಿವಿಯಲ್ಲಿ ಹೇಳುತ್ತಾರೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಅಂಗಡಿಗೆ ಹೋಗುವ ಕೆಲಸವಿಲ್ಲ ಎಂದಷ್ಟೇ ಹೇಳಬಲ್ಲೆ. ಇವರಲ್ಲಿ ಪ್ರತಿಯೊಬ್ಬರೂ ಗುಣವಾದ ಒಬ್ಬನನ್ನು ಕಣ್ಣಾರೆ ಕಂಡವರು. ಒಬ್ಬರಿಗೆ ಷಡ್ಡಕನ ಕಾಕಾ, ಇನ್ನೊಬ್ಬರಿಗೆ ಐರಣಿಯ ಬೀಗರು. ಗುಣವಾಗದವನನ್ನು ಕಂಡವರು ಮಾತ್ರ ಒಬ್ಬರೂ ಸಿಗುವುದಿಲ್ಲ. ಅಂಥವನು ಬಸ್‌ಸ್ಟ್ಯಾಂಡಿಗೆ ಬರುವ ಸ್ಥಿತಿಯಲ್ಲಿ ಇರುವುದಿಲ್ಲವಲ್ಲ. ಈ ಜನರನ್ನು ನಾನು ಗೇಲಿ ಮಾಡುತ್ತಿದ್ದೇನೆ ಎಂದು ತಿಳಿಯಬೇಡಿ. ಎಂಬತ್ತರ ದಶಕದ ಕೊನೆಯಲ್ಲಿ ಒಂದೆರಡು ವರ್ಷ, ನಮ್ಮ ಭಾಗದಲ್ಲಿ ಈ ಜನರ ಮುಖಂಡ ನಾನೇ ಆಗಿದ್ದೆ.

ಹಾವೇರಿಯಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ರೇಡಿಯೇಟರ್ ರಿಪೇರಿ ಅಂಗಡಿ ಇದೆ. ಲಾರಿಯ ಮೂತಿಯ ಹಿಂದೆ ಕೂತು, ಕುದಿಯುವ ನೀರನ್ನು ತಣ್ಣಗೆ ಮಾಡಿ ಇಂಜಿನ್ನಿಗೆ ಮರಳಿ ಕಳಿಸುವುದೇ ರೇಡಿಯೇಟರು. ಅದರ ತುಂಬ ಸಣ್ಣ ಸಣ್ಣ ನಳಿಕೆಗಳು. ಡ್ರೈವರುಗಳು ಸಿಕ್ಕಸಿಕ್ಕಲ್ಲಿ ಬೋರಿನ ನೀರು ಹೊಯ್ದು ಹೊಯ್ದು ಆ ನಳಿಕೆಗಳಲ್ಲಿ ಸುಣ್ಣವೂ ಜಂಗೂ ಕಟ್ಟುತ್ತದೆ, ನೀರು ಹಾಯುವುದಿಲ್ಲ, ಇಂಜಿನ್ನು ಕಾದು ಹೊಗೆ ಬಿಡುತ್ತದೆ. ಆಗ ನಾನು ಅದನ್ನು ಕೆಳಗಿಳಿಸಿ, ಆಸಿಡ್ಡಿನಿಂದ ತೊಳೆದು, ಸೋರುವಲ್ಲಿ ಬೆಸುಗೆ ಹಾಕಿ ಕೊಡುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಹುಬ್ಬಳ್ಳಿಯಿಂದ ದಾವಣಗೆರೆಯವರೆಗೆ ಇಲ್ಲವೆಂದು ಡ್ರೈವರುಗಳು ಹೇಳುತ್ತಾರೆ. ನಾನು ಅಲ್ಲಗಳೆಯಲು ಹೋಗಿಲ್ಲ.

ಓದು ಮಾತ್ರ ಏಳನೆತ್ತೆ. ಅದರಲ್ಲೂ ಏಳನೆಯದು ಅರ್ಧ. ನನ್ನ ಅಕ್ಕ ನೀಲವ್ವ ನನಗಿಂತ ಜಾಣೆ. ಆದರೆ ಮನೆಯಲ್ಲಿ ಒಬ್ಬರನ್ನು ಓದಿಸುವಷ್ಟೇ ಅನುಕೂಲವಿದ್ದುದರಿಂದ, ಗಂಡುಹುಡುಗ ಮುಂದೆ ಬರಲಿ ಎಂದು ಆಕೆಯ ಶಾಲೆ ಬಿಡಿಸಿದರು. ಗಂಡುಹುಡುಗ ಏಳನೆತ್ತೆಯಲ್ಲಿ ಕೈ ಎತ್ತಿದ. ಹೀಗೆ ಒಂದೇ ಏಟಿಗೆ ಇಬ್ಬರ ಶಾಲೆಯೂ ಮುಗಿಯಿತು. ಅಕ್ಕ ಈ ಮಾತನ್ನು ಒಮ್ಮೆಯೂ ಎತ್ತಿ ಆಡಿದವಳಲ್ಲ. ಆಡಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆಡದೆ ಇದ್ದುದರಿಂದ, ಆಕೆಗೆ ಏನಾದರೂ ದೊಡ್ಡ ಉಪಕಾರ ಮಾಡಿ ಸರಿದೂಗಿಸಬೇಕೆಂಬ ಹಂಬಲ ನನ್ನನ್ನು ಬಿಡಲಿಲ್ಲ. ಮನುಷ್ಯನಿಗೆ ಉಪಕಾರ ಮಾಡುವ ಹಂಬಲ ಹತ್ತಿದರೆ ಎದುರಿಗಿದ್ದವರು ಹುಷಾರಾಗಿರಬೇಕು.

ಅಕ್ಕನನ್ನು ಬ್ಯಾಡಗಿಗೆ ಕೊಟ್ಟಿದ್ದಾರೆ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬ ವ್ಯಾಪಾರಿಯ ವಖಾರಿಯಲ್ಲಿ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮೇಲೆ ನಿಗಾ ಇಡುವ ಕೆಲಸ ಹಿಡಿದಿದ್ದಳು. ಬ್ಯಾಡಗಿಯಲ್ಲಿ ಸುಗ್ಗಿಯ ದಿನ ಗಟ್ಟಿಮುಟ್ಟಾದವನೂ ಕೆಮ್ಮುತ್ತಾನೆ, ಸುಖವಾಗಿದ್ದವನೂ ಕಣ್ಣೊರೆಸಿಕೊಳ್ಳುತ್ತಾನೆ. ಹೀಗಾಗಿ ಅಕ್ಕನಿಗೆ ದಮ್ಮು ಹತ್ತುತ್ತಿದ್ದುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಒಂದು ದಿನ ಚೀಲಕ್ಕೆ ಒರಗಿ ಕೂತವಳು ಏಳಲಾಗದೆ ಬೆವತಾಗ ನಾನು ಆಕೆಯನ್ನು ಹಾವೇರಿಗೆ ಕರೆತಂದು, ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಇದ್ದ ಒಬ್ಬ ಎಳೆವಯಸ್ಸಿನ ಡಾಕ್ಟರಿಗೆ ತೋರಿಸಿದೆ. ಅವರು ಎದೆಗೆ ವೈರು ಅಂಟಿಸಿ, ಉದ್ದನೆಯ ಕಾಗದದ ಪಟ್ಟಿ ತೆಗೆದು ನೋಡಿ ಹೇಳಿದರು: “ಎದೀಗೆ ರಕ್ತ ಒಯ್ಯೋ ನಾಳ ಸಣ್ಣ ಆಗ್ಯಾವ. ಒಳಗ ಕೊಬ್ಬು ಕಟ್ಟೇತಿ.”

ನಾಳ! ಒಳಗೆ ಕಟ್ಟಿದೆ! ಅಲ್ಲಿಯವರೆಗೆ ಕೈಕಟ್ಟಿ ನಿಂತವನು ನಾನು ಕುರ್ಚಿ ಎಳೆದುಕೊಂಡು ಕೂತೆ. ಇದು ನನ್ನ ವಿಷಯ.

“ತೊಳ್ಯಾಕ ಬರೂದಿಲ್ಲೇನ್ರಿ ಸಾಹೇಬ್ರ?” ಎಂದೆ.

ಡಾಕ್ಟರು ನಕ್ಕರು. “ರೇಡಿಯೇಟರ್ ಅಲ್ಲಪಾ ಅದು, ಮನಶ್ಯಾರ ಎದಿ. ಸದ್ಯಕ್ಕ ಗುಳಿಗಿ ಕೊಡ್ತೇನಿ, ದಿನಾ ತಪ್ಪಸಬಾರದು. ಅದಕ್ಕೂ ಬಗ್ಗಲಿಲ್ಲಂದ್ರ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಬೇಕಾದೀತು.”

ನಗು ಒಂದು ಕಡೆ ತಾಗಿತು, ಆಪರೇಷನ್ ಎಂಬ ಮಾತು ಇನ್ನೊಂದು ಕಡೆ. ಬಿಚ್ಚುವ ಕೆಲಸ ನನಗೆ ಗೊತ್ತು. ಬಿಚ್ಚಿದ್ದೆಲ್ಲ ಮೊದಲಿನ ಹಾಗೆ ಕೂಡುವುದಿಲ್ಲ ಎಂಬುದೂ ಗೊತ್ತು. ನನ್ನ ಅಂಗಡಿಯ ಮೂಲೆಯಲ್ಲಿ ಬಿಚ್ಚಿ ಕೂಡಿಸಲಾಗದ ರೇಡಿಯೇಟರುಗಳ ಒಂದು ಗುಡ್ಡೆಯೇ ಇದೆ. ಅಕ್ಕನನ್ನು ನೆನೆದಾಗಲೆಲ್ಲ ಆ ಗುಡ್ಡೆ ಕಣ್ಣಿಗೆ ಬರತೊಡಗಿತು. ಹೆದರಿದ ಮನುಷ್ಯ ಹೆದರಿದ್ದೇನೆ ಎಂದು ಒಪ್ಪುವುದಿಲ್ಲ, ಜಗಳ ತೆಗೆಯುತ್ತಾನೆ. ನಾನೂ ತೆಗೆದೆ.

“ಈ ಗುಳಿಗಿ ಕೆಲಸಾ ಮಾಡ್ತಾವ ಅಂತ ನಿಮಗ ಹೆಂಗ ಗೊತ್ತ್ರಿ?”

ಡಾಕ್ಟರಿಗೆ ಖುಷಿಯಾಯಿತು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಕ್ಕಿಲ್ಲ. ದೊಡ್ಡ ದೊಡ್ಡ ದವಾಖಾನೆಗಳಲ್ಲಿ ಒಂದೇ ಬೇನೆಯ ಬಹಳ ಮಂದಿಯನ್ನು ಕೂಡಿಸಿ, ಅರ್ಧ ಮಂದಿಗೆ ಖರೇ ಗುಳಿಗೆ, ಅರ್ಧ ಮಂದಿಗೆ ಹಾಗೆಯೇ ಕಾಣುವ ಬರೀ ಹಿಟ್ಟಿನ ಗುಳಿಗೆ ಕೊಟ್ಟು, ಯಾರಿಗೆ ಯಾವುದೆಂದು ಹೇಳದೆ ವರ್ಷಗಟ್ಟಲೆ ನೋಡುತ್ತಾರೆ, ಯಾವ ಕಡೆಯವರು ಹೆಚ್ಚು ಬಾಳಿದರು ಎಂದು ಎಣಿಸುತ್ತಾರೆ ಎಂದು ಅವರು ಕೈಯಾಡಿಸಿ ವಿವರಿಸಿದರು.

ನಾನು ದಂಗಾದೆ. “ಅಂದ್ರ ಅರ್ಧ ಮಂದೀಗೆ ಟೋಪಿಗಿ ಹಾಕ್ತೀರಿ!”

“ಟೋಪಿಗಿ ಅಲ್ಲಪಾ, ಪರೀಕ್ಷಾ ಅದು.”

“ನಮ್ಮಕ್ಕ ಯಾವ ಅರ್ಧದಾಗ ಅದಾಳ್ರಿ?”

“ಯಾ ಅರ್ಧದಾಗೂ ಇಲ್ಲ. ಆ ಮಂದಿ ಎಲ್ಲಾ ಮೊದಲ ಆ ಪರೀಕ್ಷಾಕ್ಕ ಹೋಗಿ ಬಂದಾರ. ಅದಕ್ಕ ನಿಮ್ಮಕ್ಕ ಹೋಗೂದು ಬ್ಯಾಡ.”

ಎಷ್ಟು ಚೆನ್ನಾದ ಮಾತು! ಈಗ ಬರೆಯುವಾಗ ಕೈ ಮುಗಿಯಬೇಕೆನಿಸುತ್ತದೆ. ಅಂದು ನನ್ನ ಕಿವಿಗೆ ಬಿದ್ದದ್ದು ‘ಹಿಟ್ಟಿನ ಗುಳಿಗೆ’ ಒಂದೇ. ಹೊರಗೆ ಬಂದವನೇ ಅಕ್ಕನಿಗೆ ಹೇಳಿದೆ, “ಇವರನ್ನ ನಂಬಬಾರದು ಅಕ್ಕಾ. ಇವರ ಬಾಯಿಲೇನ ಬಂತು. ಅರ್ಧ ಮಂದೀಗೆ ಹಿಟ್ಟು ನುಂಗಸ್ತಾರಂತ.” ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಹಸಿವ್ಯಾಗೇತಿ ತಮ್ಮಾ, ಮನೀಗೆ ನಡಿ” ಎಂದಳು.

ಆ ಹೊತ್ತಿಗೆ ಸರಿಯಾಗಿ ರಾಣೆಬೆನ್ನೂರಿನ ಪಂಡಿತರ ಸುದ್ದಿ ಸಿಕ್ಕಿತು. ಅಮಾವಾಸ್ಯೆಯ ಮರುದಿನ ಅವರು ಪೇಟೆಯ ಒಂದು ಲಾಡ್ಜಿನ ಮಹಡಿಯ ಮೇಲೆ ಕೂತು ಎದೆಬೇನೆಗೆ ಕಷಾಯ ಕೊಡುತ್ತಿದ್ದರು. ಪಂಡಿತರು ಮೋಸಗಾರರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಸಗಾರರಾಗಿದ್ದರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ನಾನು ಆರಾಮಾಗಿ ಇರಬಹುದಿತ್ತು. ಮಡಿ ಧೋತರದ, ಮೆತ್ತನೆಯ ಮಾತಿನ ಆ ಮನುಷ್ಯ ತಾವೂ ದಿನಾ ಅದೇ ಕಷಾಯವನ್ನು ಕುಡಿಯುತ್ತಿದ್ದರು. ನಿಂಬೆ, ಬೆಳ್ಳುಳ್ಳಿ, ಶುಂಠಿ, ಇನ್ನೂ ಏನೇನೋ ಹಾಕಿ ಕುದಿಸಿ ಇಳಿಸಿದ ಕಪ್ಪು ರಸ. ಬಿರಡೆ ತೆಗೆದರೆ ಹಲ್ಲು ಚಳಿಯುವಷ್ಟು ಹುಳಿ. “ಇದು ನಾಳ ತೊಳೀತೈತಿ” ಎಂದರು ಪಂಡಿತರು. ನಾನು ಬಾಟಲಿಯನ್ನು ಅಂಗಡಿಗೆ ತಂದು, ಹಾಸುಗಲ್ಲಿನ ಮೇಲೆ ಒಂದು ಹನಿ ಚೆಲ್ಲಿ ನೋಡಿದೆ. ಬುರುಬುರು ನೊರೆ ಬಂತು! ಆಸಿಡ್ಡು ಚೆಲ್ಲಿದರೂ ಹಾಗೆಯೇ ನೊರೆ ಬರುವುದು. ಹುಳಿಯಾದದ್ದು ಸುಣ್ಣವನ್ನು ಬಿಡಿಸುತ್ತದೆ, ರೇಡಿಯೇಟರಿನ ನಳಿಕೆ ತೊಳೆಯುತ್ತದೆ. ಹಾಗಾದರೆ ಎದೆಯ ನಾಳವನ್ನು ಯಾಕೆ ತೊಳೆಯಬಾರದು? ಡಾಕ್ಟರು ನಕ್ಕದ್ದಕ್ಕೆ ನನ್ನ ಕಲ್ಲೇ ಉತ್ತರ ಕೊಟ್ಟಿತ್ತು. ಹೊಟ್ಟೆಗೆ ಹೋದ ಕಷಾಯ ಎದೆಯ ನಾಳಕ್ಕೆ ಯಾವ ದಾರಿಯಿಂದ ಹೋಗುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ರೇಡಿಯೇಟರಿಗೆ ಒಂದೇ ಬಾಯಿ, ಅಲ್ಲಿ ಹೊಯ್ದದ್ದು ಎಲ್ಲ ಕಡೆ ಹೋಗುತ್ತದೆ.

ಪಂಡಿತರದು ಒಂದೇ ಕರಾರು, ಇಂಗ್ಲಿಷ್ ಔಷಧ ಬಿಡಬೇಕು. ನಾನು ಬ್ಯಾಡಗಿಗೆ ಹೋಗಿ ಅಕ್ಕನಿಗೆ ಬಾಟಲಿ ಕೊಟ್ಟು, ಗುಳಿಗೆ ಬಿಡುವಂತೆ ಕಟ್ಟಪ್ಪಣೆ ಮಾಡಿದೆ. ಅಕ್ಕ ಬಾಟಲಿಯನ್ನೂ ನನ್ನ ಮುಖವನ್ನೂ ನೋಡಿ, “ಆತು ತಮ್ಮಾ, ನೀ ಹೇಳಿದಂಗ ಆಗ್ಲಿ” ಎಂದಳು. ಹುಟ್ಟಿದಾಗಿನಿಂದ ಆಕೆ ನನ್ನ ಮಾತನ್ನು ಅಷ್ಟು ಸಲೀಸಾಗಿ ಒಪ್ಪಿದ್ದು ಅದೇ ಮೊದಲು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಕೆಲವು ತಿಂಗಳಲ್ಲಿ ಅಕ್ಕ ಚೇತರಿಸಿದಳು. ದಮ್ಮು ಕಡಿಮೆಯಾಯಿತು, ವಖಾರಿಯಲ್ಲಿ ಮತ್ತೆ ಆಕೆಯ ದನಿ ಕೇಳಿಸಿತು. ತಿಂಗಳಿಗೊಮ್ಮೆ ತಾನೇ ಬಸ್ಸು ಹತ್ತಿ ಹಾವೇರಿಗೆ ಬಂದು, ನಮ್ಮ ಮನೆಯಲ್ಲಿ ಉಂಡು, ಹೊಸ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ನನ್ನ ಮೇಲೆ ಎಷ್ಟು ಮಾಯೆ ಎಂದು ನಾನು ಹಿಗ್ಗುತ್ತಿದ್ದೆ. ಇನ್ನು ನನ್ನ ಬಾಯಿಗೆ ಬೀಗ ಹಾಕುವವರು ಯಾರು? ಒಂದು ಹಳೆಯ ರೇಡಿಯೇಟರನ್ನು ಅಡ್ಡಲಾಗಿ ಕೊಯ್ದು ಅಂಗಡಿಯ ಮುಂದೆ ತೂಗುಹಾಕಿದೆ. ಡ್ರೈವರುಗಳು ಚಹಾ ಕುಡಿಯಲು ಕೂತರೆ, ಕಟ್ಟಿಕೊಂಡ ನಳಿಕೆಯನ್ನು ಕಡ್ಡಿಯಿಂದ ತೋರಿಸಿ, “ಇದು ನಿಮ್ಮ ಎದಿ” ಎಂದು ಪಾಠ ಶುರುಮಾಡುತ್ತಿದ್ದೆ. ಪಾಠದ ಕೊನೆಗೆ ಅಕ್ಕನ ಕತೆ. ಪಂಡಿತರೂ ತಮ್ಮಲ್ಲಿಗೆ ಬಂದವರಿಗೆ, “ಸಂಶೇ ಇದ್ರ ಹಾವೇರಿ ರೇಡಿಯೇಟರ್ ಮಲ್ಲಪ್ಪನ್ನ ಕೇಳ್ರಿ” ಎನ್ನತೊಡಗಿದರು. ನನ್ನ ಹೆಂಡತಿ ಮಾತ್ರ, “ಲಾರಿ ಬಿಟ್ಟು ಮಂದಿ ಎದಿ ನೋಡಾಕ ಹತ್ತೀರಿ. ಹಂಗಿದ್ರ ಅಂಗಡಿ ಬೋರ್ಡರೆ ಬದಲ್ ಮಾಡಸ್ರಿ” ಎಂದು ರೊಟ್ಟಿ ಬಡಿಯುತ್ತ ಚುಚ್ಚುತ್ತಿದ್ದಳು.

ನನ್ನ ಪಾಠವನ್ನು ಎಲ್ಲರಿಗಿಂತ ಲಕ್ಷ್ಯಗೊಟ್ಟು ಕೇಳಿದವನು ಮೌಲಾಸಾಬ. ರಾಣೆಬೆನ್ನೂರಿನವನು, ಹಳೆಯ ಗೆಳೆಯ. ಬ್ಯಾಡಗಿಯ ಮೆಣಸಿನಕಾಯಿಯನ್ನು ಮುಂಬಯಿಗೆ ಹೊಡೆಯುವ ಎರಡು ಲಾರಿಗಳು ಅವನವು. ಹಿಂದಿನ ವರ್ಷ ಅವನಿಗೂ ಎದೆ ಹಿಡಿದು, ನಮ್ಮ ಓಣಿಯ ಅದೇ ಡಾಕ್ಟರ ಗುಳಿಗೆ ನಡೆದಿತ್ತು.

“ಮಲ್ಲಣ್ಣ, ನಿಮ್ಮ ಅಕ್ಕಾರಿಗೆ ಆಗಿದ್ದು ನನಗ ಆಗೂದಿಲ್ಲೇನು?” ಎಂದು ಕೇಳಿದ.

“ಯಾಕ ಆಗೂದಿಲ್ಲ?” ಎಂದೆ. ಎರಡೇ ಶಬ್ದ. ಬೇರೆಯವರ ಎದೆಯ ಬಗ್ಗೆ ಅಷ್ಟು ಧೈರ್ಯದಿಂದ ಮಾತಾಡಿದವರನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಮೌಲಾಸಾಬ ಅಂದೇ ಗುಳಿಗೆ ಬಿಟ್ಟ.

ಹೀಗಿರುವಾಗ ಪಂಡಿತರು, ನಿಮ್ಮ ಅಕ್ಕನವರನ್ನು ಒಮ್ಮೆ ಕರೆತನ್ನಿ, ಜನ ಕಣ್ಣಾರೆ ನೋಡಲಿ ಎಂದು ಹೇಳಿಕಳಿಸಿದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾವೇರಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದೆ. ಏನು ಎಂದು ಬಿಡಿಸಿ ಹೇಳದೆ, ರಾಣೆಬೆನ್ನೂರಲ್ಲಿ ಕೆಲಸವಿದೆ ಎಂದಷ್ಟೇ ಹೇಳಿ ಬರಲು ತಿಳಿಸಿದ್ದರಿಂದ ಅಕ್ಕ ಬ್ಯಾಡಗಿ ಸ್ಟೇಶನ್ನಿನಲ್ಲಿ ಹತ್ತಿ ನನ್ನ ಎದುರು ಕೂತಳು. ಗಾಡಿ ಬಿಟ್ಟ ಮೇಲೆ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತಿಂದಳು. ಆಮೇಲೆ ಎಲೆ ಅಡಿಕೆಯ ಚಂಚಿಗೆ ಕೈ ಹಾಕಿ, ಒಂದು ಬಿಳಿಯ ಗುಳಿಗೆ ತೆಗೆದು, ನೀರು ಗುಟುಕರಿಸಿ ನುಂಗಿದಳು.

“ಏನಬೇ ಅದು?”

“ಗುಳಿಗಿ.”

“ಯಾವ ಗುಳಿಗಿ?”

“ಡಾಕ್ಟರ್ದು. ದಿನಾ ತೊಗೊಳ್ಳೂದ” ಎಂದವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ, ಇನ್ನೇನು ಮುಚ್ಚುವುದು ಎಂಬಂತೆ ನಕ್ಕುಬಿಟ್ಟಳು. “ಬಿಟ್ಟಿಲ್ಲೋ ತಮ್ಮಾ. ತಿಂಗಳಾ ಹಾವೇರಿಗೆ ಬರೂದು ಮತ್ಯಾಕ ಅಂತ ಮಾಡೀದಿ? ಡಾಕ್ಟರ್ಗೆ ತೋರಿಸಿ, ಆಮ್ಯಾಲೆ ನಿಮ್ಮ ಮನೀಗೆ ಬರ್ತಿದ್ದೆ.”

ನನಗೆ ಗಾಡಿ ಹಿಂದಕ್ಕೆ ಹೋದಂತಾಯಿತು. “ಮತ್ತ ಕಷಾಯ?”

“ಮೊದಲನೇ ವಾರ ಕುಡದ್ನೆಪಾ. ಹೊಟ್ಟ್ಯಾಗ ಕೆಂಡಾ ಸುರುವಿದಂಗ ಆತು. ಆಮ್ಯಾಲೆ ತಾಮ್ರದ ಕೊಡಾ ತಿಕ್ಕಾಕ ಇಟ್ಕೊಂಡೆ. ಏನ ಬೆಳಗತಾವೋ ತಮ್ಮಾ! ಮುಖಾ ಕಾಣತೈತಿ. ನಮ್ಮ ಓಣಿ ಹೆಣ್ಮಕ್ಕಳೆಲ್ಲಾ ಒಂದೊಂದ ವಾಟಗಾ ಕೇಳಿ ಒಯ್ತಾರ.”

ಅಂದರೆ ನನ್ನ ಸಿದ್ಧಾಂತ ತಪ್ಪಾಗಿರಲಿಲ್ಲ, ಹುಳಿ ತೊಳೆಯುತ್ತಿತ್ತು. ಕೊಡವನ್ನು.

“ನನಗ ಹೇಳಬಾರದಾಗಿತ್ತೇನು?” ಎಂದೆ. ಎದುರಿನ ಸೀಟಿನ ಗೌಡರೊಬ್ಬರು ಪೇಪರು ಇಳಿಸಿ ನಮ್ಮನ್ನೇ ನೋಡುತ್ತಿದ್ದರು.

“ಅಷ್ಟ ಜೀವಾ ತೇದು ರಾಣೆಬೆನ್ನೂರಿಂದ ಹೊತ್ಕೊಂಡ ಬರ್ತಿದ್ದಿ. ಒಲ್ಲೆ ಅಂದ್ರ ಸಣ್ಣ ಮಾರಿ ಮಾಡ್ಕೊಂಡ ಕುಂದರ್ತಿ. ನನಗ ನೋಡಾಕ ಆಗೂದಿಲ್ಲ.” ಅಷ್ಟು ಹೇಳಿ, ಏನೋ ಹೊಳೆದವಳಂತೆ ನಿಲ್ಲಿಸಿದಳು. “ಈಗ ರಾಣೆಬೆನ್ನೂರಿಗೆ ಯಾಕ ಕರ್ಕೊಂಡ ಹೊಂಟೀದಿ?”

ಹೇಳಿದೆ. ಆಕೆಯ ನಗು ಇಂಗಿತು. “ನನ್ನ ಹೆಸರ ಹೇಳಿ ಬ್ಯಾರೆ ಯಾರಿಗರೆ ಗುಳಿಗಿ ಬಿಡಸೀಯೇನು?”

ಕಿಟಕಿಯ ಹೊರಗೆ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ನನ್ನ ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿದವರ ಮುಖಗಳೆಲ್ಲ ಬಂದವು. ಕೇಳಿ ನಕ್ಕು ಹೋದವರು ಬಹಳ, ಕಷಾಯ ಒಯ್ದವರು ಕೆಲವರು. ಆದರೆ ಡಾಕ್ಟರ ಗುಳಿಗೆ ನಡೆದಿದ್ದು, ಅದನ್ನು ನನ್ನ ಮಾತಿಗೆ ಬಿಟ್ಟವನೆಂದು ನನಗೆ ಖಚಿತವಾಗಿ ಗೊತ್ತಿದ್ದವನು ಒಬ್ಬ. “ಮೌಲಾಸಾಬ” ಎಂದೆ.

“ನಾ ಆ ಲಾಡ್ಜಿಗೆ ಬರೂದಿಲ್ಲ” ಎಂದಳು ಅಕ್ಕ. “ಸ್ಟೇಶನ್ನ್ಯಾಗ ಕುಂದರ್ತೇನಿ. ನೀ ಹೋಗು, ಮೊದಲ ಅವನ್ನ ಹುಡುಕು.”

ಹುಡುಕುವ ಕೆಲಸ ಬೀಳಲಿಲ್ಲ. ಅಕ್ಕನ ಬಾಯಿಂದಲೇ ಕೇಳಬೇಕೆಂದು ಮೌಲಾಸಾಬನೂ ಲಾಡ್ಜಿಗೆ ಬಂದಿದ್ದ. ನಾನು ಹೋದಾಗ ಅವನು ಮೆಟ್ಟಿಲ ನಡುವೆ ಕಟಾಂಜನ ಹಿಡಿದು ನಿಂತಿದ್ದ. ಹಣೆಯ ಮೇಲೆ ಬೆವರು. ನನ್ನನ್ನು ಕಂಡು ನಕ್ಕ. “ಜಂಗು ಬಿಡಾಕತ್ತೇತಿ, ಮಲ್ಲಣ್ಣ. ತೊಳಿಯೋ ಮುಂದ ಮೊದಲ ನೀರು ಕೆಂಪಾಗಿ ಬರತೈತಿ ಅಂತ ನೀವ ಹೇಳಿದ್ರೆಲ್ಲ.” ಹೌದು, ಆ ಪಾಠವೂ ನನ್ನದೇ. ಮೈ ಹದಗೆಟ್ಟರೂ ಅದನ್ನು ಗುಣವೆಂದು ತಿಳಿಯುವಂತೆ ನಾನು ಅವನನ್ನು ತಯಾರು ಮಾಡಿದ್ದೆ.

ಮೇಲೆ ಪಡಸಾಲೆಯ ತುಂಬ ಜನ. ನಾನು ಚಪ್ಪಲಿ ಕೂಡ ಕಳೆಯದೆ ಎಲ್ಲರೆದುರು ಹೇಳಿಬಿಟ್ಟೆ. ನಮ್ಮಕ್ಕ ಕಷಾಯ ಕುಡಿದದ್ದು ಒಂದು ವಾರ, ಗುಣವಾದದ್ದು ಡಾಕ್ಟರ ಗುಳಿಗೆಯಿಂದ, ನಾನು ಹೇಳಿದ್ದೆಲ್ಲ ಸುಳ್ಳು. ಸಿಡಿಲು ಬಿದ್ದಂತಾಗುತ್ತದೆ, ಜನ ನನ್ನ ಕೊರಳಪಟ್ಟಿ ಹಿಡಿಯುತ್ತಾರೆ ಎಂದು ಕಾದೆ. ಒಬ್ಬ ಮುದುಕಪ್ಪ ಪಕ್ಕದವನಿಗೆ ಹೇಳಿದ: “ಕೇಳಿದ್ಯಾ? ಒಂದ ವಾರಕ್ಕ ಅಷ್ಟ ಗುಣಾ ಕೊಟ್ಟೇತಿ!” ಇನ್ನೊಬ್ಬ, “ಪೂರಾ ಕುಡದಿದ್ರ ಏನಾಕ್ಕಿತ್ತೋ!” ಎಂದ. ಮೂಲೆಯಿಂದ ಮತ್ತೊಬ್ಬ, “ಡಾಕ್ಟರ್ ಇವನ ಕಿಸೆ ತುಂಬಿಸ್ಯಾನ ತೊಗೋ” ಎಂದ. ಪಂಡಿತರು ಮೆತ್ತಗೆ, “ಕುಂದ್ರಿ ಮಲ್ಲಪ್ಪನವರ. ದಣದೀರಿ. ಒಂದ ಗುಟುಕ ಕಷಾಯ ತೊಗೋರಿ” ಎಂದರು. ಸುಳ್ಳು ಹೇಳುವಾಗ ನನ್ನ ಮಾತನ್ನು ನಂಬದವರಿರಲಿಲ್ಲ. ಖರೇ ಹೇಳಿದಾಗ ನಂಬುವವನು ಒಬ್ಬನೂ ಸಿಗಲಿಲ್ಲ.

ನನ್ನ ಹಿಂದೆಯೇ ಮೇಲೆ ಬಂದಿದ್ದ ಮೌಲಾಸಾಬನ ರಟ್ಟೆ ಹಿಡಿದು ಕೆಳಗಿನ ಹೋಟೆಲಿಗೆ ಇಳಿಸಿದೆ. ಅವನಿಗೂ ಸಿಟ್ಟು ಬಂದಿತ್ತು.

“ನಿನ್ನೀತನಾ ಕಷಾಯ ಅಂದ್ರಿ, ಇವತ್ತ ಗುಳಿಗಿ ಅಂತೀರಿ. ಆ ಗುಳಿಗಿ ಖರೇನ ಕೆಲಸಾ ಮಾಡ್ತಾವ ಅಂತ ನಿಮಗ ಯಾರ ಹೇಳಿದ್ರು?”

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳಿದೆ: ಅರ್ಧ ಮಂದಿಗೆ ಖರೇ ಗುಳಿಗೆ, ಅರ್ಧ ಮಂದಿಗೆ ಹಿಟ್ಟಿನದು.

“ತೋಬಾ ತೋಬಾ!” ಮೌಲಾಸಾಬ ಗಲ್ಲ ಬಡಿದುಕೊಂಡ. “ಬ್ಯಾನೀ ಮನಶ್ಯಾಗ ಹಿಟ್ಟು ನುಂಗಸೂದೇನು? ಹಂತಾ ಮಂದೀನ ನಂಬಾಕ ಹೇಳ್ತೀರೇನು ನನಗ?”

ಅಚ್ಚುಕಟ್ಟಾಗಿ ನನ್ನದೇ ಮಾತು. ಹೋಟೆಲಿನ ಮುಂದೆ ಅವನ ಲಾರಿ ನಿಂತಿತ್ತು, ಅದರ ರೇಡಿಯೇಟರಿನಿಂದ ಸಣ್ಣಗೆ ಉಗಿ ಏಳುತ್ತಿತ್ತು. ಅದನ್ನು ನೋಡುತ್ತ ಕೂತವನಿಗೆ ಒಮ್ಮೆಲೇ ನೆನಪಾಯಿತು.

“ಮೌಲಾಸಾಬ, ತಂಪಿನ ಪುಡಿ ನೆನಪೈತೇನು?”

ಕೆಲವು ವರ್ಷಗಳ ಹಿಂದೆ ಒಬ್ಬ ಮಾರಾಟಗಾರ ಒಂದು ಪುಡಿ ತಂದಿದ್ದ. ರೇಡಿಯೇಟರಿನ ನೀರಿಗೆ ಹಾಕಿದರೆ ಇಂಜಿನ್ನು ಕಾಯುವುದೇ ಇಲ್ಲ, ರಿಪೇರಿಯ ಗೊಡವೆಯೇ ಬೇಡ ಎಂದು ಸಾರುತ್ತಿದ್ದ. ಡ್ರೈವರುಗಳು ಆಣೆ ಮಾಡಿ ಹೊಗಳುತ್ತಿದ್ದರು. ಮೌಲಾಸಾಬನನ್ನು ಒಪ್ಪಿಸಿ ಒಂದು ಉಪಾಯ ಹೂಡಿದೆ. ಅವನ ಎರಡೂ ಲಾರಿ ಒಂದೇ ವಯಸ್ಸಿನವು, ಒಂದೇ ದಾರಿ, ಒಂದೇ ಭಾರ. ಒಂದರ ನೀರಿಗೆ ಪುಡಿ ಹಾಕಿದೆ. ಇನ್ನೊಂದಕ್ಕೆ ಬರೀ ಹಸಿರು ಬಣ್ಣ ಕಲಸಿ ಹೊಯ್ದೆ, ನೋಡಲು ಎರಡೂ ಒಂದೇ. ಇಬ್ಬರು ಡ್ರೈವರಿಗೂ ‘ಪುಡಿ ಹಾಕೇವಿ’ ಎಂದು ಹೇಳಿದೆವು. ಮುಂಬಯಿ ಮುಟ್ಟಿ ಬಂದ ಇಬ್ಬರೂ, “ಗಾಡಿ ಭಾಳ ತಣ್ಣಗ ಓಡತೈತ್ರಿ ಸೇಟ್” ಎಂದರು. ಬರೀ ಬಣ್ಣದ ನೀರಿನವನು ಒಂದು ಕೈ ಹೆಚ್ಚೇ ಹೊಗಳಿದ. ಇಂಜಿನ್ನಿನ ಕಾವು ತೋರಿಸುವ ಕಾಟಾ ನೋಡಿದರೆ ಎರಡೂ ಇಂಜಿನ್ನು ಮೊದಲಿನಷ್ಟೇ ಕಾದಿದ್ದವು. ಯಾವ ಗಾಡಿಯದಾದರೂ ದೋಷವಿದ್ದೀತೆಂದು ಮುಂದಿನ ಸಲ ಅದಲುಬದಲು ಮಾಡಿದೆವು. ಮತ್ತೆ ಅದೇ ಕತೆ. ಪುಡಿಯವನನ್ನು ನಾನು ಹೆದ್ದಾರಿಯವರೆಗೆ ಅಟ್ಟಿಸಿಕೊಂಡು ಹೋಗಿ ಬಿಟ್ಟು ಬಂದಿದ್ದೆ.

ಎಂಥ ಕಟ್ಟುನಿಟ್ಟು ನೋಡಿ! ಪುಡಿ ಕೆಲಸ ಮಾಡಿದರೆ ನನ್ನ ಅಂಗಡಿ ಮುಚ್ಚಬೇಕಿತ್ತು, ಅದಕ್ಕೇ ಅಷ್ಟು ಜಾಣತನ. ಕಷಾಯ ಕೆಲಸ ಮಾಡಲಿ ಎಂದು ನನಗೆ ಆಸೆಯಿತ್ತು. ಹಾಗಾಗಿ ಕಲ್ಲಿನ ಮೇಲೆ ಬಂದ ನೊರೆಯೇ ಸಾಕಾಯಿತು. ಬೇಡವಾದದ್ದನ್ನು ಮನುಷ್ಯ ಪರೀಕ್ಷೆ ಮಾಡುತ್ತಾನೆ, ಬೇಕಾದದ್ದನ್ನು ನಂಬುತ್ತಾನೆ. ಎರಡು ಲಾರಿಗೆ ತೋರಿಸಿದ ನ್ಯಾಯವನ್ನು ನಾನು ಒಡಹುಟ್ಟಿದವಳಿಗೆ ತೋರಿಸಲಿಲ್ಲ.

ಮೌಲಾಸಾಬ ಚಹಾದ ಬಸಿ ಕೆಳಗಿಟ್ಟ. “ಅಂದ್ರ ಡಾಕ್ಟರ್ ಮಂದಿ ಮಾಡೂದೂ ಅದನೇನು?”

“ಅದನ. ನಮ್ಮವು ಎರಡ ಗಾಡಿ, ಅವರದು ಸಾವಿರಗಟ್ಟಲೆ ಮಂದಿ.”

“ಅಂದ್ರ ಈಗ ನಾನು ಆ ಬಣ್ಣದ ನೀರಿನ ಡ್ರೈವರ್ ಆಗೇನಿ. ತಣ್ಣಗ ಓಡತೈತಿ, ತಣ್ಣಗ ಓಡತೈತಿ ಅನ್ಕೋತ ಹೊಂಟೇನಿ.”

“ನೀ ಡ್ರೈವರ್. ನಾ ಪುಡಿ ಮಾರಾಂವ.”

ಅವನು ನಗಲು ಹೋಗಿ, ಎದೆಗೆ ಕೈಯೊತ್ತಿ ತಡೆದುಕೊಂಡ. “ಖರೇ ಹೇಳ್ಬೇಕಂದ್ರ ಗಾಡಿ ತಣ್ಣಗ ಓಡವಲ್ದು, ಮಲ್ಲಣ್ಣ. ಈಗ ಮೆಟ್ಟಲಾ ಹತ್ತೂ ಮುಂದ ಕಣ್ಣಿಗೆ ಕತ್ತಲಿ ಬಂತು. ಮನ್ಯಾಗ ಹೇಳಿಲ್ಲ.” ನಾನು ಎದ್ದುನಿಂತೆ. ಅವನೂ ಎದ್ದ. “ನಡೀರಿ. ಆದ್ರ ನೀವ ಬರಬೇಕು. ಗುಳಿಗಿ ಬಿಡಿಸಿದವರು ನೀವು, ಮತ್ತ ಹಚ್ಚಾವರೂ ನೀವ ಆಗ್ರಿ.”

ಅವನ ಡ್ರೈವರನೇ ಲಾರಿ ಹೊಡೆದ. ಸ್ಟೇಶನ್ನಿನಿಂದ ಅಕ್ಕನನ್ನೂ ಹತ್ತಿಸಿಕೊಂಡೆವು. ಕ್ಯಾಬಿನ್ನಿನಲ್ಲಿ ಅಕ್ಕ ಮೌಲಾಸಾಬನ ಬೆವರು ನೋಡಿ, ತನ್ನ ಸೆರಗಿನಿಂದ ಗಾಳಿ ಬೀಸುತ್ತ ಹೇಳಿದಳು: “ನನ್ನದೂ ತಪ್ಪೈತಪಾ. ಇವನ ಮನಸ್ಸಿಗೆ ನೋವಾಗತೈತಿ ಅಂತ ಬಾಯಿ ಮುಚ್ಕೊಂಡ ಕುಂತೆ. ಇವನ ಮನಸ್ಸೇನು, ಯಾವಾಗರೆ ಒಂದಿನಾ ಸಮಾ ಆಗತೈತಿ. ನಿನ್ನ ಜೀವಾ ಹೋಗಿದ್ರ?” ನನ್ನನ್ನು ಆಕೆ ಬೈಯಲಿಲ್ಲ. ಬೈದಿದ್ದರೆ ಹಾವೇರಿಯವರೆಗಿನ ದಾರಿ ಅಷ್ಟು ಉದ್ದವಾಗುತ್ತಿರಲಿಲ್ಲ.

ಡಾಕ್ಟರು ಮೌಲಾಸಾಬನನ್ನು ಮಲಗಿಸಿ, ವೈರು ಅಂಟಿಸಿ, ಕಾಗದದ ಪಟ್ಟಿ ನೋಡಿದರು. ಈ ಸಲ ನಗಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು, ನಾಲಿಗೆಯ ಕೆಳಗೆ ಒಂದು ಗುಳಿಗೆ ಇಟ್ಟು, ಅಂದೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಲು ಕಾರು ಹೇಳಿದರು. “ಇನ್ನ ಒಂದ ವಾರ ತಡಾ ಮಾಡಿದ್ರ ಏನ ಆಕ್ಕಿತ್ತು ಹೇಳಾಕ ಬರೂದಿಲ್ಲ” ಎಂದರು. ಮೌಲಾಸಾಬ ಈಗಲೂ ಇದ್ದಾನೆ, ಗುಳಿಗೆ ನುಂಗುತ್ತಾನೆ. ಲಾರಿ ಮಾತ್ರ ತಾನು ಹೊಡೆಯುವುದಿಲ್ಲ, ಪಕ್ಕದಲ್ಲಿ ಕೂತು ಡ್ರೈವರನ ಜೀವ ತಿನ್ನುತ್ತಾನೆ. ಅಂದು ಕಾರು ಬರುವುದನ್ನು ಕಾಯುತ್ತ ಮಲಗಿದ್ದವನು, ಬಾಗಿಲಲ್ಲಿ ನಿಂತ ನನ್ನ ಕಡೆ ಬೆರಳು ಮಾಡಿದ.

“ಸಾಹೇಬ್ರ, ಇವರ್ದೂ ಒಮ್ಮೆ ನೋಡ್ರಿ. ಮಂದಿ ಎದಿ ನೋಡಿ ನೋಡಿ ತಮ್ಮದು ನೋಡ್ಕೊಂಡಿಲ್ಲ.”

ನಾನು ಬೇಡವೆಂದೆ. ಅಕ್ಕ ನನ್ನ ತೋಳು ಹಿಡಿದು ಕೂಡಿಸಿದಳು. ಡಾಕ್ಟರು ರಟ್ಟೆಗೆ ಪಟ್ಟಿ ಸುತ್ತಿ, ಗಾಳಿ ಊದಿ, ಇಳಿಸಿ, ಮತ್ತೆ ಊದಿದರು. “ಬಿ.ಪಿ. ಭಾಳ ಐತಿ ಮಲ್ಲಪ್ಪ. ಒಂದ ಗುಳಿಗಿ ಬರಕೊಡ್ತೇನಿ.”

“ಎಷ್ಟ ದಿನಾ ತೊಗೋಬೇಕ್ರಿ?”

“ದಿನಾ.”

“ಹಂಗಲ್ರಿ, ಎಲ್ಲೀತನಾ?”

“ಇರೂತನಾ.”

ಆಗ ನನ್ನ ಬಾಯಿಂದ ಒಂದು ಮಾತು ಬಂತು. ನಾನು ಆಡಿದೆ ಎಂದು ಹೇಳಲಾರೆ, ಅದೇ ಬಂತು. “ಗುಳಿಗೀ ಬದಲಿ ಕುಡಿಯಾಕ ಏನರೆ ಇರತೈತೇನ್ರಿ ಸಾಹೇಬ್ರ?”

ಮೌಲಾಸಾಬ ಅಕ್ಕನ ಕಡೆ ನೋಡಿದ. ಅಕ್ಕ ಡಾಕ್ಟರ ಕಡೆ ನೋಡಿದಳು. ನಾನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ಈಗ ದಿನಾ ನುಂಗುತ್ತಿದ್ದೇನೆ. ಮೈ ಹಗುರಾಗಿದೆ, ತಲೆಸುತ್ತು ಬಿಟ್ಟಿದೆ. ಆದರೆ ಅಂಗಡಿಯಲ್ಲಿ ಯಾರಾದರೂ, “ಹೆಂಗದೀರಿ ಮಲ್ಲಣ್ಣ? ಯಾವ ಗುಳಿಗಿ ಅದು?” ಎಂದು ಕೇಳಿದರೆ ಹೇಳುವುದಿಲ್ಲ. ಹೇಳಿದರೆ ಮರುದಿನವೇ ನಾಲ್ಕು ಮಂದಿ ಡಾಕ್ಟರಿಗೆ ತೋರಿಸದೆ ಅದೇ ಗುಳಿಗೆ ಕೊಂಡು ನುಂಗುತ್ತಾರೆ, ನನಗೆ ಗೊತ್ತು. “ಹಿಂದಿನ ಓಣ್ಯಾಗ ಡಾಕ್ಟರ್ ಅದಾರ, ಅವರನ್ನ ಕೇಳ್ರಿ” ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತೇನೆ. ಗುಳಿಗೆ ನುಂಗುವುದು ಸುಲಭ. ಇಷ್ಟೇ ಹೇಳಿ ಸುಮ್ಮನಿರುವುದು ಇನ್ನೂ ರೂಢಿಯಾಗಿಲ್ಲ.